ಸಹಾಯ ಬೇಕು: ತಂದೆಯವರೊಂದಿಗೆ ಬಸವನಗುಡಿಯಲ್ಲಿ ಒಂದು ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಶಿವಮೊಗ್ಗದಿಂದ ಬರಲಿರುವ 78 ವರ್ಷದ ನನ್ನ ತಂದೆಯವರನ್ನು, ಅವರು ಕಾಲೇಜು ದಿನಗಳಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಬೆಂಗಳೂರಿನ ಬಸವನಗುಡಿಗೆ ಕರೆದೊಯ್ಯಬೇಕೆಂದಿದ್ದೇನೆ.

1898ರ ಪ್ಲೇಗಿನ ಹಿನ್ನೆಲೆಯಲ್ಲಿ, ಗಾಳಿ ಬೆಳಕಿಗೆ ಧಾರಾಳವಾಗಿ ಜಾಗ ಬಿಟ್ಟು ರೂಪಿಸಿದ ಈ ಬಡಾವಣೆಯಲ್ಲಿ ಜಗಲಿ, ಹೆಂಚಿನ ಮಾಡು, ಕಿಟಕಿಯ ಮೇಲೆ ಮಂಕಿ ಟಾಪ್ ಎಂಬ ಮರದ ಪಟ್ಟಿಗಳ ಚೂಪು ಮಾಡು ಇರುವ ಹಳೆಯ ಮನೆಗಳು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಉಳಿದಿರುವಂಥವು ಯಾವ ರಸ್ತೆಗಳಲ್ಲಿವೆ ಎಂದು ಅಲ್ಲಿನ ನಿವಾಸಿಗಳು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ರಸ್ತೆಯಿಂದಲೇ ನೋಡುತ್ತೇವೆ, ಯಾರಿಗೂ ತೊಂದರೆ ಕೊಡುವುದಿಲ್ಲ.

ತಿಂಡಿಯ ವಿಷಯದಲ್ಲಿ ತಂದೆಯವರದು ಒಂದೇ ಹಟ: ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ಮಸಾಲೆ ದೋಸೆ. ಮೊಣಕಾಲು ನೋವಿರುವ ಅವರು ಸರದಿಯಲ್ಲಿ ಬಹಳ ಹೊತ್ತು ನಿಲ್ಲಲಾರರು. ಯಾವ ದಿನ, ಎಷ್ಟು ಗಂಟೆಗೆ ಹೋದರೆ ಜನ ಕಡಿಮೆ ಇರುತ್ತಾರೆ? ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನ ಇಡ್ಲಿ ಚಟ್ನಿ ನನಗೆ ಹೆಚ್ಚು ಪ್ರಿಯವಾದರೂ, ಅಲ್ಲಿ ಹೆಚ್ಚಾಗಿ ನಿಂತೇ ತಿನ್ನಬೇಕಾದ್ದರಿಂದ ಈ ಸಲ ಬಿಟ್ಟಿದ್ದೇನೆ. ಮಧ್ಯಾಹ್ನ ಬಾಳೆಯೆಲೆಯಲ್ಲಿ ನಿಧಾನವಾಗಿ ಊಟ ಮಾಡಬಹುದಾದ, ಗದ್ದಲವಿಲ್ಲದ ಜಾಗ ಯಾವುದು? ಸಂಜೆ ದೊಡ್ಡ ಬಸವಣ್ಣನ ದರ್ಶನಕ್ಕೆ ಮೆಟ್ಟಿಲು ಕಡಿಮೆ ಇರುವ ದಾರಿಯಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.