ಗಾಮಾ ಕಿರಣದ ಶಕ್ತಿ ಗೊತ್ತಿದ್ದರೆ ತರಂಗಾಂತರ ತೆಗೆಯುವುದು ಹೇಗೆ?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ, ಕುಮಟಾ): ಸರ್, ಸೀಸಿಯಂ-137ರ ಗಾಮಾ ಫೋಟಾನಿನ (ಕಿರಣದ ಒಂದು ಕಣದ) ಶಕ್ತಿ 662 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್), ತರಂಗಾಂತರ ಎಷ್ಟು ಅಂತ ಲೆಕ್ಕ ಕೊಟ್ಟಿದ್ದಾರೆ. ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿ 6.62 × 10⁵ರಿಂದ ಭಾಗಿಸಿದೆ. 3 × 10⁻³¹ ಮೀಟರ್ ಬಂತು. ಪುಸ್ತಕದ ಹಿಂದೆ 1.87 × 10⁻¹² ಅಂತಿದೆ. ಸೂತ್ರ ಸರಿಯೇ ಅಲ್ವಾ?

ಉತ್ತರ (ವಿಕಿರಣ ಸುರಕ್ಷತೆ ವಿಭಾಗದ ಭೌತವಿಜ್ಞಾನಿ, ಕಾರವಾರ): ಸೂತ್ರ ಸರಿ ಇದೆ ತಂಗಿ, ಯೂನಿಟ್ ತಪ್ಪಿದೆ. ಪ್ಲಾಂಕ್ ಸ್ಥಿರಾಂಕ 6.63 × 10⁻³⁴ ಇರುವುದು ಜೂಲ್-ಸೆಕೆಂಡಿನಲ್ಲಿ. ನೀನು ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲೇ ಹಾಕಿದ್ದೀಯ. ಒಂದು ಎಲೆಕ್ಟ್ರಾನ್ ವೋಲ್ಟ್ ಅಂದರೆ 1.6 × 10⁻¹⁹ ಜೂಲ್. ನಿನಗೆ ಬಂದ ಉತ್ತರವನ್ನು ಇದರಿಂದ ಭಾಗಿಸು, ಪುಸ್ತಕದ ಉತ್ತರವೇ ಬರುತ್ತದೆ.

ಲೆಕ್ಕ ಮುಗಿದ ಕೂಡಲೇ ಉತ್ತರದ ಗಾತ್ರವನ್ನೂ ಒಮ್ಮೆ ನೋಡು. ಪ್ರೋಟಾನೇ 10⁻¹⁵ ಮೀಟರಿನಷ್ಟಿದೆ. 10⁻³¹ ಬಂದರೆ ಅಲ್ಲೇ ಅನುಮಾನ ಬರಬೇಕು.

ನಾವು ಕೆಲಸದಲ್ಲಿ ಇಷ್ಟೆಲ್ಲ ಗುಣಿಸುವುದಿಲ್ಲ. 1240 ನೆನಪಿಟ್ಟುಕೊಂಡರೆ ಸಾಕು. 1240ನ್ನು ಕೆಇವಿಯಲ್ಲಿರುವ ಶಕ್ತಿಯಿಂದ ಭಾಗಿಸಿದರೆ ತರಂಗಾಂತರ ಪಿಕೋಮೀಟರಿನಲ್ಲಿ (10⁻¹² ಮೀಟರ್) ಸಿಗುತ್ತದೆ. 1240ನ್ನು 662ರಿಂದ ಭಾಗಿಸು: 1.87. ಕೋಬಾಲ್ಟ್-60ಕ್ಕೆ ಎರಡು ಗಾಮಾ, 1173 ಮತ್ತು 1332 ಕೆಇವಿ. ಅವಕ್ಕೆ 1.06 ಮತ್ತು 0.93 ಪಿಕೋಮೀಟರ್. ಎಳನೀರಿನಲ್ಲಿರುವ ಪೊಟ್ಯಾಸಿಯಂನಲ್ಲೂ ಒಂಚೂರು ಪೊಟ್ಯಾಸಿಯಂ-40 ಇರುತ್ತದೆ. ಅದರ ಗಾಮಾ 1461 ಕೆಇವಿ. ಅದನ್ನು ನೀನೇ ಮಾಡಿ ನೋಡು.

ವಿದ್ಯಾರ್ಥಿನಿ: 0.85 ಬಂತು ಸರ್!

ಉತ್ತರ: ಸರಿ.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕ, ಶಿರಸಿ): ಗಾಮಾದ ಬಗ್ಗೆ ಓದುವಾಗ ಎಲ್ಲ ಕಡೆ ಕೆಇವಿ, ಎಂಇವಿಯೇ (ಸಾವಿರ ಕೆಇವಿ) ಕಾಣುತ್ತದೆ. ತರಂಗಾಂತರವನ್ನು ಯಾರೂ ಅಳೆಯುವುದೇ ಇಲ್ಲವೇ?

ಉತ್ತರ: ಅಳೆದಿದ್ದಾರೆ ಮಾಸ್ತರೇ. 1914ರಲ್ಲೇ ರುದರ್‌ಫೋರ್ಡ್ ಮತ್ತು ಆಂಡ್ರೇಡ್ ರೇಡಿಯಂನಿಂದ ಹುಟ್ಟುವ ಧಾತುಗಳ ಗಾಮಾವನ್ನು ಕಲ್ಲುಪ್ಪಿನ ಹರಳಿಗೆ ಹಾಯಿಸಿ ಅಳೆದರು. ಗಾಮಾ ಕೂಡ ಬೆಳಕಿನ ಜಾತಿಯದೇ ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿಯಾಯಿತು. ಆದರೆ ಶಕ್ತಿ ಏರಿದಂತೆ ಈ ದಾರಿ ಕಷ್ಟ. ನಮ್ಮ ಸಾಣಿಕಟ್ಟಾದ ಉಪ್ಪನ್ನೇ ತಗೊಳ್ಳಿ. ಅದರ ಹರಳಿನಲ್ಲಿ ಪದರದಿಂದ ಪದರಕ್ಕೆ 282 ಪಿಕೋಮೀಟರ್. ಸೀಸಿಯಂ ಗಾಮಾ 1.87 ಮಾತ್ರ. ಹರಳಿನ ಪದರಗಳಿಂದ ಕಿರಣ ಯಾವ ಕೋನದಲ್ಲಿ ತಿರುಗುತ್ತದೆ ಎಂದು ಹೇಳುವ ಬ್ರ್ಯಾಗ್ ನಿಯಮ ಹಾಕಿದರೆ ಕೋನ 0.19 ಡಿಗ್ರಿ ಬರುತ್ತದೆ. ನೇರ ಹೋಗುವ ಕಿರಣಕ್ಕೂ ತಿರುಗಿದ ಕಿರಣಕ್ಕೂ ವ್ಯತ್ಯಾಸ ಹಿಡಿಯಬೇಕಾದರೆ ಸಾಕುಸಾಕಾಗುತ್ತದೆ.

ಶಕ್ತಿ ಅಳೆಯುವುದು ಅದಕ್ಕಿಂತ ಎಷ್ಟೋ ಸಲೀಸು. ಸೋಡಿಯಂ ಅಯೊಡೈಡ್ ಹರಳಿಗೆ ಫೋಟಾನ್ ಬಡಿದರೆ ಸಣ್ಣ ಮಿಂಚು. ಬಿಟ್ಟ ಶಕ್ತಿ ಜಾಸ್ತಿಯಾದಷ್ಟೂ ಮಿಂಚು ಜೋರು. ಅದನ್ನು ವಿದ್ಯುತ್ ಸಂಕೇತ ಮಾಡಿ ಎಣಿಸುತ್ತೇವೆ. ಇನ್ನೂ ನಿಖರವಾಗಿ ಬೇಕಾದರೆ ಜರ್ಮೇನಿಯಂ ಡಿಟೆಕ್ಟರ್, ಅದನ್ನು ದ್ರವ ಸಾರಜನಕದಿಂದಲೋ ಬೇರೆ ರೀತಿಯಲ್ಲೋ ತಣ್ಣಗಿಡಬೇಕು. ಉಪಕರಣ ಕೊಡುವುದೇ ಶಕ್ತಿಯನ್ನು. ಸುಮ್ನೆ ತರಂಗಾಂತರಕ್ಕೆ ಯಾಕೆ ತಿರುಗಿಸಬೇಕು? ಪರೀಕ್ಷೆಯ ಲೆಕ್ಕಕ್ಕೆ ಬಿಟ್ಟರೆ ನನಗಂತೂ ಅದು ಬೇಕಾಗುವುದೇ ಅಪರೂಪ.

ಪ್ರಶ್ನೆ (ಓದುಗರು, ಕಾರವಾರ): ಹಾಗಾದರೆ ನಮ್ಮ ಕೈಗಾದ ರಿಯಾಕ್ಟರಿನ ಗಾಮಾಕ್ಕೆ ಎಷ್ಟು ತರಂಗಾಂತರ?

ಉತ್ತರ: ಒಂದೇ ಅಲ್ಲ. ಯುರೇನಿಯಂ ಒಡೆದಾಗ ನಾನಾ ಶಕ್ತಿಯ ಗಾಮಾ ಒಟ್ಟಿಗೇ ಹೊರಡುತ್ತವೆ. ಅಲ್ಲಿರುವುದು ಭಾರಜಲದ ರಿಯಾಕ್ಟರುಗಳು. ಚಾಲೂ ಇರುವಾಗ ಆ ನೀರಿನ ಆಮ್ಲಜನಕಕ್ಕೆ ವೇಗದ ನ್ಯೂಟ್ರಾನ್ ಬಡಿದು ಸಾರಜನಕ-16 ಹುಟ್ಟುತ್ತದೆ. ಅದರ ಮುಖ್ಯ ಗಾಮಾ 6.13 ಎಂಇವಿ, ಅಂದರೆ 0.2 ಪಿಕೋಮೀಟರ್. ಅದರ ಅರ್ಧಾಯುಷ್ಯ, ಅಂದರೆ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು 7 ಸೆಕೆಂಡ್. ಹಾಗಾಗಿ ರಿಯಾಕ್ಟರ್ ನಿಂತ ಕೆಲವೇ ನಿಮಿಷಕ್ಕೆ ಅದು ಹೆಚ್ಚುಕಮ್ಮಿ ಇಲ್ಲವಾಗುತ್ತದೆ. ಇಂಧನದೊಳಗೆ ಉಳಿಯುವ ಸೀಸಿಯಂ ಹಾಗಲ್ಲ, ಅದರದು 30 ವರ್ಷ.

ವಿದ್ಯಾರ್ಥಿನಿ: ಸರ್, ಕೊನೆಯದಾಗಿ ಒಂದು. ತರಂಗಾಂತರ ಚಿಕ್ಕದಾದಷ್ಟೂ ಅಪಾಯ ಜಾಸ್ತಿಯೇ?

ಉತ್ತರ: ಅದೊಂದನ್ನೇ ನೋಡಿ ಹೇಳಲಾಗದು. ತರಂಗಾಂತರ ಹೇಳುವುದು ಒಂದೊಂದು ಫೋಟಾನಿನ ಶಕ್ತಿಯನ್ನು. ಸೆಕೆಂಡಿಗೆ ಎಷ್ಟು ಫೋಟಾನ್ ಬರುತ್ತಿವೆ, ನೀನು ಎಷ್ಟು ದೂರ ಇದ್ದೀಯ, ಎಷ್ಟು ಹೊತ್ತು ಇದ್ದೀಯ, ಇವೆಲ್ಲ ಬೇರೆ. ತಡೆಯುವ ಗೋಡೆಗೆ ಮಾತ್ರ ಶಕ್ತಿಯ ಲೆಕ್ಕ ಬೇಕೇ ಬೇಕು. ಸೀಸಿಯಂ ಗಾಮಾವನ್ನು ಅರ್ಧಕ್ಕಿಳಿಸಲು ಆರೂವರೆ ಮಿಲಿಮೀಟರ್ ಸೀಸ ಸಾಕು, ಕೋಬಾಲ್ಟಿಗೆ 12 ಮಿಲಿಮೀಟರ್ ಬೇಕು.