10 ದಿನದ ವಿಪಶ್ಯನ ಧ್ಯಾನ ಶಿಬಿರ: ರಾತ್ರಿ ಊಟ ಇಲ್ವಂತೆ?

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಹಾರಾಷ್ಟ್ರದ ಇಗತ್‌ಪುರಿಯ ಧಮ್ಮಗಿರಿ ಧ್ಯಾನ ಕೇಂದ್ರಕ್ಕೆ ಅರ್ಜಿ ಹಾಕಿದ್ದೇನೆ. ರಾತ್ರಿ ಎರಡು ರೊಟ್ಟಿ ತಿನ್ನದಿದ್ದರೆ ನನಗೆ ನಿದ್ದೆ ಹತ್ತಲ್ಲ. ಹೋದವರು ಹೇಳಿ. ಫೀಸ್ ಎಷ್ಟು?

ಉತ್ತರ 1: ತಮ್ಮಾ, ಹೊಸಬರಿಗೆ ಸಂಜೆ 5ಕ್ಕೆ ಚಹಾ, ಹಣ್ಣು ಕೊಡುತ್ತಾರೆ. ಹಸಿವು ಬೇಗ ಒಗ್ಗುತ್ತದೆ. ನನ್ನನ್ನು ಕಾಡಿದ್ದು ಮೊಣಕಾಲು. ಬೆಳಗ್ಗೆ 4ಕ್ಕೆ ಗಂಟೆ ಬಾರಿಸುತ್ತಾರೆ. ಮೊದಲ ಮೂರು ದಿನ ಬರೀ ಉಸಿರು ಗಮನಿಸಬೇಕು. ವಿಪಶ್ಯನ, ಅಂದರೆ ಮೈಯ ಸಂವೇದನೆಗಳನ್ನು ಗಮನಿಸುವುದು, ಶುರುವಾಗುವುದೇ ನಾಲ್ಕನೇ ದಿನ. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ ಅಲುಗಾಡದೆ ಕೂರಬೇಕು. ಈಗಿಂದಲೇ ನೆಲದ ಮೇಲೆ ಕೂತು ರೂಢಿ ಮಾಡಿಕೋ.

ಉತ್ತರ 2: ಫೀಸ್ ಇಲ್ಲರೀ. ಶಿಬಿರ ಮುಗಿಸಿದವರಿಂದ ಮಾತ್ರ ದಾನ ತಗೊಳ್ತಾರೆ. ಮೊಬೈಲ್ ಒಪ್ಪಿಸಬೇಕು, ಗಿರಣಿ ಮಾಲೀಕರಿಗೆ ಮೊದಲೇ ಹೇಳಿಬಿಡಿ!

ಪ್ರಶ್ನೆ ಕೇಳಿದವರು: ಅಕ್ಕಾ, ಮಾಲೀಕರನ್ನು ಒಪ್ಪಿಸೋದೇ ದೊಡ್ಡ ತಪಸ್ಸು.