ಅಪ್‌ಡೇಟ್: ಬೆಕ್ಕು ನುಂಗಿದ ಹೊಲಿಗೆ ದಾರ

ಬೆಕ್ಕಿನ ಬಾಯಲ್ಲಿ ನುಂಗಿದ ದಾರದ ತುದಿ ಕಾಣುತ್ತಿದೆ, ಎಳೆಯಬಹುದೇ ಎಂದು ಕೇಳಿದ್ದೆ. ಎಳೆಯಲಿಲ್ಲ; ಆಪರೇಷನ್ ಆಗಿ ಈಗ ಊಟ ಮಾಡುತ್ತಿದೆ.

ದಾರ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿತ್ತು. ಹಾಗೆ ಒಂದು ತುದಿ ಸಿಕ್ಕಿಕೊಂಡರೆ, ಲಾಡಿ ಎಳೆದ ಪೈಜಾಮದ ಹಾಗೆ ಕರುಳು ನೆರಿಗೆಗಟ್ಟುತ್ತದೆ. ಎಳೆದರೆ ದಾರ ಗರಗಸದಂತೆ ಅದನ್ನು ಕೊಯ್ಯುತ್ತದೆ. ಗುದದಲ್ಲಿ ತುದಿ ಕಂಡರೂ ಅಷ್ಟೇ, ಎಳೆಯಬೇಡಿ. ಉಪ್ಪುನೀರು, ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ.

ಎಕ್ಸ್‌ರೇಯಲ್ಲಿ ಸೂಜಿ ಕಾಣುತ್ತದೆ, ದಾರ ಕಾಣುವುದಿಲ್ಲ. ಕರುಳಿನ ನೆರಿಗೆ ನೋಡಿಯೇ ಊಹಿಸಬೇಕು. ಅಲ್ಟ್ರಾಸೌಂಡ್ ಮಾಡಲು ಕೇಳಿ.

ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೇ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಬೆಕ್ಕು ಸುಲಭವಾಗಿ ಉಗುಳಲಾರದು. ಬಾಡಿದ ಹೂಮಾಲೆಯ ದಾರವನ್ನೂ ಮುಚ್ಚಳವಿರುವ ಡಬ್ಬಿಗೇ ಹಾಕಿ.